ಮಲ್ಲೂನನ್ನು ಕಳಿಸುವ ಮೊದಲು

ನವನಗರ, ಬಾಗಲಕೋಟೆ

ಚಿ. ಸೌ. ಸವಿತಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ನೀನು ಫೋನಿನಲ್ಲಿ ಅಳುವಾಗ ನನಗೆ ಏನೂ ಹೇಳಲಿಕ್ಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪ ಹೋದಮೇಲೆ ನಿಮ್ಮವ್ವ ಒಬ್ಬಳೇ ಇಷ್ಟು ವರ್ಷ ತೂಗಿಸಿದ್ದೇ ದೊಡ್ಡದು. ಈಗ ಆಕೆಯ ಮೊಳಕಾಲು ಹೋಗಿವೆ. ಬುದ್ಧಿ ಬೆಳೆಯದ ನಿಮ್ಮಣ್ಣ ಮಲ್ಲೂಗೆ ಫಿಟ್ಸ್ ಬಂದರೆ 35ರ ಆಳನ್ನು ಹಿಡಿಯುವವರು ಯಾರು? ಮನೆಯಲ್ಲೇ ಇಟ್ಟುಕೊಳ್ಳಿರಿ ಅಂತ ನಾನು ಹೇಳುವುದಿಲ್ಲ, ಹೇಳುವವರ ಮಾತು ಕೇಳಲೂ ಬೇಡ. ಹಾಗೆ ಹೇಳಿದವರಲ್ಲಿ ಒಬ್ಬರೂ ಒಂದು ರಾತ್ರಿ ಅವನ ಪಕ್ಕದಲ್ಲಿ ಮಲಗಿದವರಲ್ಲ.

ಆದರೆ ನೀನು ಬೆಳಗಾವಿಯ ಆ ವಸತಿ ಕೇಂದ್ರ ನೋಡಿ ಬಂದು, "ಭಾಳ ಚೊಲೋ ಅದ ದೊಡ್ಡಪ್ಪ, ಫರಸಿ ಕನ್ನಡಿ ಹಂಗ ಹೊಳೀತಾವ" ಅಂದೆಯಲ್ಲ, ನನಗೆ ಎದೆ ಝಲ್ಲೆಂದದ್ದು ಆ ನೆಲದ ಫರಸಿಯ ಮಾತಿಗೇ.

ನಿನ್ನ ಈರಣ್ಣ ಕಾಕಾನನ್ನು 2009ರಲ್ಲಿ ನಾನೇ ಒಂದು ಕಡೆ ಬಿಟ್ಟುಬಂದಿದ್ದೆ. ನಿನಗಾಗ ಹತ್ತೋ ಹನ್ನೊಂದೋ. ಯಾವ ಊರು, ಯಾವ ಸಂಸ್ಥೆ ಅನ್ನುವುದು ಈಗ ಬೇಡ. ನಾನೂ ಫರಸಿ ನೋಡಿದೆ, ಕುಡಿಯುವ ನೀರಿನ ಮಷಿನ್ ನೋಡಿದೆ, ಗೋಡೆಯ ಮೇಲಿನ ಬುದ್ಧ ಬಸವರನ್ನು ನೋಡಿದೆ. ಆರು ತಿಂಗಳಲ್ಲಿ ಒಂದೇ ಸಲ ಹೋಗಿದ್ದೆ, ಅದೂ ಮೊದಲೇ ಫೋನ್ ಮಾಡಿ. ದೀಪಾವಳಿಗೆ ಮನೆಗೆ ಕರೆತಂದರೆ ಈರಣ್ಣ ಹಗಲೆಲ್ಲ ನಿದ್ದೆ. ಬಾಯಿಂದ ಜೊಲ್ಲು. ರೊಟ್ಟಿ ಮುರಿಯಲಿಕ್ಕೂ ಕೈ ನಡುಗುತ್ತಿತ್ತು. ಧಾರವಾಡಕ್ಕೆ ಒಯ್ದೆ. ಡಾಕ್ಟರು ಗುಳಿಗೆ ಚೀಟಿ ನೋಡಿ, "ಇದು ಫಿಟ್ಸ್‌ಗೆ ಅಲ್ಲ, ಸುಮ್ಮನಾಗಿಸೋದಕ್ಕೆ. ಯಾರು ಬರೆದದ್ದು?" ಅಂದರು. ಬರೆದವರ ಹೆಸರೇ ಅದರಲ್ಲಿ ಇರಲಿಲ್ಲ. ಆಮೇಲೆ ಬಾಯಿ ತೆರೆಸಿ ನೋಡಿದರೆ ಹಿಂದಿನ ದವಡೆ ಹಲ್ಲು ಪೂರ್ತಿ ಕೊಳೆತಿದೆ. ನಮ್ಮ ಈರಣ್ಣ ಹಲ್ಲುನೋವಿಗೆ ಕೂಗಿದ್ದ, ಕೆನ್ನೆ ಬಡಿದುಕೊಂಡಿದ್ದ. ಅಲ್ಲಿಯವರು ಅದನ್ನು ಹಟ ಅಂತ ತಿಳಿದು ಮಲಗಿಸಿಟ್ಟಿದ್ದರು. ಒಬ್ಬನಾದರೂ ಬಾಯೊಳಗೆ ನೋಡಿರಲಿಲ್ಲ.

ಅವರನ್ನೇ ಬಯ್ಯುತ್ತ ಕೂತರೆ ಸುಳ್ಳಾದೀತು. ಆರು ತಿಂಗಳು ನಾನೂ ನೋಡಿರಲಿಲ್ಲವಲ್ಲ.

ಅದಕ್ಕೆ ಅಲ್ಲಿ ಹೋಗಿ ಮೊದಲು ಕೇಳಬೇಕಾದ್ದು ಕಟ್ಟಡವನ್ನಲ್ಲ. ಇವರಿಗೆ ನೋವಾದರೆ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳು. ಆಫೀಸಿನಲ್ಲಿ ಕೂತವರನ್ನಲ್ಲ, ಸ್ನಾನ ಮಾಡಿಸುವ ಹುಡುಗನನ್ನು ಕೇಳು. "ಆ ಬಸಣ್ಣಗ ಹೊಟ್ಟಿ ನೊಂದ್ರ ಊಟದ ತಾಟು ದೂಡ್ತಾನ್ರಿ, ಈತಗ ಫಿಟ್ಸ್ ಬರೂ ಮುಂದ ತುಟಿ ಅದರ್ತಾವ್ರಿ" ಅಂತ ಒಬ್ಬೊಬ್ಬರದೂ ಬೇರೆ ಬೇರೆ ಹೇಳಿದನಾದರೆ, ಫರಸಿ ಒಡೆದಿದ್ದರೂ ಚಿಂತೆಯಿಲ್ಲ. "ಎಲ್ಲಾರೂ ಆರಾಮ ಅದಾರ್ರಿ" ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಎದ್ದು ಬಾ. ಆ ಹುಡುಗ ಎಷ್ಟು ವರ್ಷದಿಂದ ಇದ್ದಾನೆ ಅಂತಲೂ ಕೇಳು. ಮೂರು ತಿಂಗಳಿಗೊಬ್ಬ ಬದಲಾಗುವ ಕಡೆ ಮಲ್ಲೂನ ಮುಖ ಓದಲು ಕಲಿಯುವವರು ಯಾರೂ ಉಳಿದಿರುವುದಿಲ್ಲ.

ಎರಡನೆಯ ಸಲ ಸಂಜೆ ಏಳಕ್ಕೆ, ಹೇಳದೇ ಹೋಗು. ಬೆಳಿಗ್ಗೆ ಹನ್ನೊಂದು ಗಂಟೆಗೆ ಎಲ್ಲ ಸಂಸ್ಥೆಗಳೂ ಚೆನ್ನಾಗಿಯೇ ಕಾಣುತ್ತವೆ. ಕೆಲಸದವರು ಮನೆಗೆ ಹೋಗಬೇಕೆಂದು ಐದೂವರೆಗೇ ಊಟ ಮುಗಿಸಿ ಮಲಗಿಸುವವರಿದ್ದಾರೆ. ಬೆಳಗಿನ ಎಂಟರ ಉಪ್ಪಿಟ್ಟಿನವರೆಗೆ ಎಷ್ಟು ತಾಸು ಆಯಿತು, ನೀನೇ ಎಣಿಸು. ರಾತ್ರಿ ಎಚ್ಚರ ಇರುವವರು ಎಷ್ಟು ಜನ, ಕೋಣೆಗೆ ಹೊರಗಿನಿಂದ ಕೀಲಿ ಹಾಕುತ್ತಾರಾ ಅನ್ನುವುದನ್ನು ಬಿಡದೇ ಕೇಳು. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ 28 ಮಂದಿ ಸತ್ತರು. ಅವರದು ಮಾನಸಿಕ ಕಾಯಿಲೆ, ಮಲ್ಲೂನದು ಬುದ್ಧಿಮಾಂದ್ಯ, ಬೇರೆಬೇರೆ. ಆದರೂ ನನಗೆ ಕೀಲಿ ಕಂಡರೆ ಆ ಸುದ್ದಿ ನೆನಪಾಗುತ್ತದೆ.

ಅರಿವೆ ಒಣಹಾಕಿದ ಹಗ್ಗ ನೋಡು. ಚಡ್ಡಿ ಬನಿಯನ್ನಿಗೆ ಹೆಸರು ಬರೆದಿದೆಯೋ, ಇಲ್ಲ ಸಿಕ್ಕಿದ್ದು ಸಿಕ್ಕವರಿಗೋ? ಪಾಯಖಾನೆಗೆ ಒಳಗಿನ ಚಿಲಕ ಉಂಟೋ? ತಿಂಗಳಿಗೊಮ್ಮೆ ತೂಕ ಬರೆಯುವ ಪುಸ್ತಕ, ಫಿಟ್ಸ್ ಬಂದದ್ದನ್ನು ಬರೆಯುವ ಪುಸ್ತಕ ಕೇಳು. ಮಲ್ಲೂನ ಫಿಟ್ಸ್ ಗುಳಿಗೆ ಒಮ್ಮೆಲೇ ನಿಂತರೆ ಜೀವಕ್ಕೇ ಅಪಾಯ, ಅದನ್ನು ಅವರಿಗೆ ಕಾಗದದಲ್ಲಿ ಬರೆದುಕೊಡು. ಹೊಸ ಗುಳಿಗೆ ಶುರು ಮಾಡುವ ಮೊದಲು ನಿನಗೆ ತಿಳಿಸಬೇಕು ಅಂತಲೂ ಬರೆ.

ಇನ್ನೊಂದು. ಇತ್ತೀಚೆಗೆ ನಮ್ಮ ಮಂದಿಗೆ ಇಂಥ ಕಡೆ ಹುಟ್ಟುಹಬ್ಬ ಮಾಡುವ ಹವ್ಯಾಸ ಹತ್ತಿದೆ. ಪೇಢೆ ಡಬ್ಬಿ ಹಿಡಿದು ಕಾರಿನಲ್ಲಿ ಬರುತ್ತಾರೆ. ನಲವತ್ತು ವರ್ಷದ ಗಂಡಸರನ್ನು ಸಾಲಾಗಿ ನಿಲ್ಲಿಸಿ, ಕೈ ಮುಗಿಸಿ, ಪ್ರಾರ್ಥನೆ ಹಾಡಿಸಿ, ಫೋಟೋ. ಕೊಡುವವರ ಮನಸ್ಸು ಕೆಟ್ಟದ್ದಲ್ಲ ಬಿಡು, ನಾನೂ ಒಮ್ಮೆ ಕೊಟ್ಟಿದ್ದೇನೆ. ಆದರೆ ಯಾರಾದರೂ "ನಾ ನಿಲ್ಲಂಗಿಲ್ಲ" ಅಂತ ಮೂಲೆಗೆ ಹೋದರೆ ಏನು ಮಾಡುತ್ತಾರೆ, ಅದನ್ನು ಗಮನಿಸು. ಮಲ್ಲು ಅಂತೂ ಹೋಗಿಯೇ ಹೋಗುತ್ತಾನೆ.

ಕಾಗದಪತ್ರದ್ದು ಸ್ವಲ್ಪ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೇ ಇಂಥ ಸಂಸ್ಥೆ ನಡೆಸುವಂತಿಲ್ಲ, ಆ ಪ್ರಮಾಣಪತ್ರ ಕಣ್ಣಾರೆ ನೋಡು. ಮತ್ತೆ, 18 ತುಂಬಿದ ಮೇಲೆ ನಿಮ್ಮವ್ವ ಕಾನೂನಿನ ಲೆಕ್ಕದಲ್ಲಿ ತಾನಾಗಿಯೇ ಅವನ ಪಾಲಕಿ ಅಲ್ಲ. ಮಲ್ಲೂನಂಥವರಿಗಾಗಿ ಕೇಂದ್ರ ಸರ್ಕಾರ ಮಾಡಿದ 1999ರ ನ್ಯಾಶನಲ್ ಟ್ರಸ್ಟ್ ಕಾಯ್ದೆಯಡಿ ಡಿಸಿ ಸಾಹೇಬರ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಗಾರ್ಡಿಯನ್‌ಶಿಪ್ ಮಾಡಿಸಿಕೋ. ಗಾರ್ಡಿಯನ್ ಆದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ, ಆಮೇಲೆ ವರ್ಷ ವರ್ಷ ಲೆಕ್ಕ ಕೊಡಬೇಕು. ಹೊಲದಲ್ಲಿ ಮಲ್ಲೂನ ಪಾಲು ಇದೆ, ಅದರ ಮೇಲೆ ಯಾರ ಕಣ್ಣಿದೆ ಅಂತ ನಿನಗೂ ಗೊತ್ತು, ನಾನು ಬರೆಯುವುದಿಲ್ಲ. ಅವನ ಪೆನ್ಶನ್ ಪಾಸ್‌ಬುಕ್ ಯಾರ ಕೈಗೂ ಕೊಡಬೇಡ. ಅದೇ ಟ್ರಸ್ಟಿನ ನಿರಾಮಯ ಅಂತ ಒಂದು ಆರೋಗ್ಯ ವಿಮೆ ಇದೆ, ಒಂದು ಲಕ್ಷ ರೂಪಾಯಿವರೆಗೆ. ಅದನ್ನೂ ಮಾಡಿಸು.

ನೀವೆಲ್ಲ ಅವನನ್ನು ಬಿಟ್ಟೇ ಮಾತಾಡಿಕೊಂಡಿದ್ದೀರಿ ಅಂತ ಕಾಣುತ್ತದೆ. ಅವನನ್ನು ಕರಕೊಂಡು ಹೋಗಿ ಒಂದು ದಿನ ಅಲ್ಲಿ ಕೂಡಿಸಿ ನೋಡಿ. ಅವನಿಗೆ ಚಹಾ ತಾಟಿನಲ್ಲಿ ಸುರುವಿ ಆರಿಸಿ ಕುಡಿಯಬೇಕು, ಲೋಟಕ್ಕೆ ಕೈ ಹಚ್ಚುವುದಿಲ್ಲ. ಅವರು ತಾಟು ಕೊಡುತ್ತಾರಾ, ಇಲ್ಲಿ ಹಂಗೆಲ್ಲಾ ನಡಿಯೂದಿಲ್ಲ ಅನ್ನುತ್ತಾರಾ, ನೋಡೋಣ.

ಮುಂದಿನ ಬುಧವಾರ ನಾನೂ ಬರುತ್ತೇನೆ. ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ನೀವು ಇಳಿಯುವುದು ಬೇಡ, ಬಸ್ ನಂಬರ್ ಫೋನಿನಲ್ಲಿ ಹೇಳು, ನಾನೇ ಹತ್ತುತ್ತೇನೆ. ದೊಡ್ಡವ್ವ ನಿಮ್ಮವ್ವನಿಗೆ ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ. ಮಲ್ಲೂಗೆ ಹೇಳು, ದೊಡ್ಡಪ್ಪ ಈ ವರ್ಷದ ಬಸ್ ಟಿಕೇಟು ಒಂದೂ ಒಗೆದಿಲ್ಲ, ಡಬ್ಬಿ ತುಂಬಿದೆ.

ನಿನ್ನ ದೊಡ್ಡಪ್ಪ