ಗುಂಪು ಪ್ರವಾಸದ ಯೋಜನೆ: ಸದಸ್ಯರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಇತಿಹಾಸ, ನಿಸರ್ಗವಾಸ ಮತ್ತು ಸೇವೆ ಮೂರನ್ನೂ ಒಂದೇ ಪ್ರವಾಸದಲ್ಲಿ ಸೇರಿಸುವುದಾದರೆ ಮೊದಲು ತೀರ್ಮಾನವಾಗಬೇಕಾದದ್ದು ಸೇವೆಯ ಭಾಗ. ಏಕೆಂದರೆ ಸ್ಮಾರಕಗಳನ್ನು ನಮ್ಮ ಅನುಕೂಲದ ದಿನ ನೋಡಬಹುದು, ಆದರೆ ಅಲ್ಲಿನ ಜನರ ಅಗತ್ಯವೂ ಬಿಡುವೂ ನಮ್ಮ ದಿನಾಂಕಕ್ಕೆ ಹೊಂದಿಕೊಳ್ಳಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಸ್ಥಳೀಯ ಸಂಸ್ಥೆಯೊಂದು ತಾನಾಗಿ ಕೇಳಿದ ಕೆಲಸವನ್ನಷ್ಟೇ ಒಪ್ಪಿಕೊಳ್ಳೋಣ. ಸ್ಥಳೀಯರು ಕೂಲಿಗೆ ಮಾಡುವ ಕೆಲಸವನ್ನು ನಾವು ಉಚಿತವಾಗಿ ಮಾಡಿದರೆ ಅವರ ದುಡಿಮೆಗೇ ಕುತ್ತು. ಅನಾಥಾಲಯಕ್ಕೆ ಒಂದು ದಿನ ಹೋಗಿ ಮಕ್ಕಳೊಡನೆ ಫೋಟೊ ತೆಗೆಸಿಕೊಂಡು ಬರುವುದಂತೂ ಬೇಡವೇ ಬೇಡ. ಕಾಲುದಾರಿಯ ದುರಸ್ತಿ, ಆಕ್ರಮಣಕಾರಿ ಸಸ್ಯಗಳ (ಹೊರಗಿನಿಂದ ಬಂದು ಸ್ಥಳೀಯ ಗಿಡಗಳನ್ನು ಮೀರಿ ಹಬ್ಬುವಂಥವು) ತೆರವು ಮುಂತಾಗಿ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಒಂದೆರಡು ದಿನದಲ್ಲಿ ಮುಗಿಯುವ ಕೆಲಸಗಳು ನಮಗೆ ತಕ್ಕವು.

ಸ್ಥಳದ ಆಯ್ಕೆಗೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯ ‘ಮಿಶ್ರ’ ತಾಣಗಳನ್ನು ಗಮನಿಸಬಹುದು. 1983ರಲ್ಲಿ ಆ ಪಟ್ಟಿಗೆ ಸೇರಿದ, ಪೆರು ದೇಶದ ಬೆಟ್ಟಗಳ ನಡುವಿನ ಪ್ರಾಚೀನ ಇಂಕಾ ನೆಲೆ ಮಾಚು ಪಿಚುವಿನಂತೆ ಅಲ್ಲಿ ಇತಿಹಾಸವೂ ನಿಸರ್ಗವೂ ಒಟ್ಟಿಗಿರುವುದರಿಂದ ಓಡಾಟ ಕಡಿಮೆಯಾಗುತ್ತದೆ, ಜನಜಂಗುಳಿ ಮಾತ್ರ ಹೆಚ್ಚೇ. ಕಾಡಿನ ವಾಸ ಕೊನೆಗಿರಲಿ. ಅಲ್ಲಿ ಸೋಪು ಬಳಸುವವರು ಹಳ್ಳಕೊಳ್ಳಗಳಿಂದ ಕನಿಷ್ಠ 60 ಮೀಟರ್ ದೂರವಿರಬೇಕು.

ಬಿಡುವಿನ ದಿನಗಳು, ಭರಿಸಬಲ್ಲ ವೆಚ್ಚ ಮತ್ತು ನಡೆಯುವ ಸಾಮರ್ಥ್ಯವನ್ನು ದಯವಿಟ್ಟು ನಿರ್ವಾಹಕರಿಗೆ ಖಾಸಗಿಯಾಗಿ ತಿಳಿಸಿ. ಆರೋಗ್ಯದ ವಿಷಯಗಳನ್ನು ಗುಂಪಿನಲ್ಲಿ ಬರೆಯಬೇಕಿಲ್ಲ.