ಅಜ್ಜಿ ಪಾತ್ರ ಬೇಡ ಅಂದವಳಿಗೆ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಮ್ಮ ಫೋನ್ ಮಾಡಿದ್ದಳು. ನಾಟಕದಲ್ಲಿ ಅಜ್ಜಿ ಪಾತ್ರ ಕೊಟ್ಟರು ಅಂತ ರಿಹರ್ಸಲ್ ಬಿಟ್ಟು ಬಂದು, ಊಟವನ್ನೂ ಮಾಡದೆ ಮಲಗಿದೆಯಂತೆ. ಇಪ್ಪತ್ತಾರಕ್ಕೇ ತಲೆಗೆ ಬಿಳಿ ಬಳಿದುಕೊಳ್ಳಬೇಕಾ ಅಂತ ಬೇಜಾರು, ಅಲ್ವಾ?

ಹಿಂದೆ ಬೆಂಗಳೂರಲ್ಲಿ ‘ಒಡಲಾಳ’ ನಾಟಕ ನೋಡಿದ್ದೆ. ದೇವನೂರ ಮಹಾದೇವ ಅವರ ಕಥೆ, ಸಿಜಿಕೆ ನಿರ್ದೇಶನ. ಸಾಕವ್ವ ಅನ್ನೋ ಮುದುಕಿ ಕಳೆದುಹೋದ ಹುಂಜ ಹುಡುಕುತ್ತಾ ತಿರುಗುತ್ತಾಳೆ. ಯಾವುದೋ ಹಳ್ಳಿಯಿಂದ ನಿಜವಾದ ಅಜ್ಜಿಯನ್ನೇ ಕರೆತಂದಿದ್ದಾರೆ ಅಂದುಕೊಂಡೆ. ಆಕೆ ಉಮಾಶ್ರೀ, ನನಗಿಂತ ಹೆಚ್ಚೇನೂ ದೊಡ್ಡವರಲ್ಲ ಅಂತ ಆಮೇಲೆ ಗೊತ್ತಾಯಿತು. ಬೆನ್ನು ಬಗ್ಗಿಸಿ ಕೋಲು ಹಿಡಿದ ಮಾತ್ರಕ್ಕೆ ಮುದುಕಿ ಆಗಲ್ಲ ಪುಟ್ಟಿ. ನಿಮ್ಮ ಬೀದಿಯ ಅಜ್ಜಿ ನೆಲದಿಂದ ಏಳುವಾಗ ಮೊದಲು ಕೈ ಎಲ್ಲಿ ಊರುತ್ತಾರೆ, ನೋಡಿದ್ದೀಯಾ?

1984ರಲ್ಲಿ ಕಾಶೀನಾಥರ ‘ಅನುಭವ’ ಸಿನಿಮಾ ಬಂತು, ಅದರಲ್ಲಿ ಉಮಾಶ್ರೀ ಇದ್ದರು. ಆಮೇಲೆ ಸಿನಿಮಾದವರು ಅವರಿಗೆ ಕೊಟ್ಟಿದ್ದು ಜಾಸ್ತಿ ಕಾಮಿಡಿನೇ, ಡಬಲ್ ಮೀನಿಂಗ್ ಮಾತುಗಳೇ. ಟಾಕೀಸಲ್ಲಿ ಶಿಳ್ಳೆ, ಮನೆಗಳಲ್ಲಿ ಮೂಗು ಮುರಿಯೋದು. ನಾನೂ ಮುರಿದವಳೇ, ಸುಳ್ಳು ಯಾಕೆ ಹೇಳಲಿ? ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದರು ಅಂತ ಎಷ್ಟೋ ವರ್ಷದ ಮೇಲೆ ಓದಿದಾಗ ನಾಚಿಕೆಯಾಯಿತು. ಮನೆ ನಡೆಯಬೇಕಲ್ಲ.

ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ ಬರುವ ಹೊತ್ತಿಗೆ ಉಮಾಶ್ರೀ ಅವರಿಗೆ ಐವತ್ತು. ಹೀರೋಯಿನ್ ಆದವರನ್ನೂ ಮರೆತುಬಿಡೋ ವಯಸ್ಸು ಅದು. ಕುಂದಾಪುರ ಕಡೆಯ ಮೀನುಗಾರರ ಊರು, ಸಿನಿಮಾ ಹುಚ್ಚಿನ ಸೂಲಗಿತ್ತಿ. ಅವಳ ಮನೆಗೆ ಟಿವಿ ಬರುತ್ತದೆ, ಊರ ಹೆಂಗಸರೆಲ್ಲ ಬಂದು ಕೂರುತ್ತಾರೆ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮನ್ನು ನಗಿಸಿದ ಅದೇ ಮುಖ! 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯೂ ಆದರು, ಅದು ಬೇರೆ ಕಥೆ. ಈಗಿನವರಿಗೆ ಅವರು 2021ರಲ್ಲಿ ಶುರುವಾದ ಸೀರಿಯಲ್‌ನ ಪುಟ್ಟಕ್ಕ, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದ ತಾಯಿ.

ಸೀರಿಯಲ್‌ನವರು ಕೆಲಸದವಳ ಪಾತ್ರಕ್ಕೆ ಕರೆದರೂ ಹೋಗು. ಆದರೆ ದಿನಕ್ಕೆ ಎಷ್ಟು, ಯಾವಾಗ ಕೊಡುತ್ತೀರಿ ಅಂತ ಮೊದಲೇ ಕೇಳು. ನಾನು ಒಂದು ತಂಡದಲ್ಲಿ ಎರಡು ವರ್ಷ ಕುಣಿದೆ, ಬಸ್ ಚಾರ್ಜೂ ಹುಟ್ಟಲಿಲ್ಲ. ಕೇಳಲು ಸಂಕೋಚ. ಆ ಸಂಕೋಚ ನಿನಗೆ ಬೇಡ.

ನಿಮ್ಮಜ್ಜಿಯ ನೂಲಿನ ಸೀರೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಭಾನುವಾರ ಬಂದು ತೆಗೆದುಕೊಂಡು ಹೋಗು. ಇಸ್ತ್ರಿ ಮಾತ್ರ ಮಾಡಿಸಬೇಡ.

ನಿನ್ನ ದೊಡ್ಡಮ್ಮ