ಸಹಿ ಹಾಕುವ ಮೊದಲು

ಬಫಲೋ
ಭಾನುವಾರ ಸಂಜೆ

ಚಿ. ಸಿಂಧುಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಏಪ್ರಿಲ್ ಬಂದರೂ ಅಂಗಳದ ಮೂಲೆಯ ಹಿಮ ಕರಗಿಲ್ಲ, ನಿನ್ನ ದೊಡ್ಡಪ್ಪನ ಮಂಡಿನೋವೂ ಹೋಗಿಲ್ಲ. ನಿನ್ನ ಅಮ್ಮ ನಿನ್ನೆ ಫೋನಿನಲ್ಲಿ ಎಲ್ಲ ಹೇಳಿದಳು. ನನಗೆ ಹೇಳಬೇಡ ಅಂದಿದ್ದೆಯಂತೆ. ಅವಳ ಮೇಲೆ ರೇಗಬೇಡ, ಅಕ್ಕತಂಗಿಯರ ನಡುವೆ ಗುಟ್ಟು ಎಷ್ಟು ಹೊತ್ತು ನಿಂತೀತು? ಹೊಸ ಧಾರಾವಾಹಿಯಲ್ಲಿ ನಿನಗೆ ನಾಯಕಿಯ ಪಾತ್ರವಿಲ್ಲ, ನಾಯಕಿಯ ಅಕ್ಕನ ಪಾತ್ರ, ಅದೂ ನಗಿಸುವ ಪಾತ್ರ. ಮೂರು ವರ್ಷದ ಅಗ್ರಿಮೆಂಟು, ಹದಿನಾಲ್ಕು ಪುಟ, ಶುಕ್ರವಾರದೊಳಗೆ ಸಹಿ ಹಾಕು ಅಂದಿದ್ದಾರೆ. ನೀನು ಎರಡು ದಿನ ಊಟ ಬಿಟ್ಟು, ಮೂವತ್ತಮೂರಕ್ಕೇ ನನ್ನ ಕಥೆ ಮುಗಿಯಿತು ಅಂತ ಅತ್ತಿದ್ದೀಯ. ಆ ಹದಿನಾಲ್ಕು ಪುಟ ಓದಿದೆಯಾ ಅಂದರೆ ಇಲ್ಲವಂತೆ.

ಅಳುವುದಕ್ಕೆ ನಾನು ಬೈಯುವುದಿಲ್ಲ. ಓದದೆ ಇದ್ದದ್ದಕ್ಕೆ ಬೈಯುತ್ತೇನೆ. ಫೋನಿನಲ್ಲಾದರೆ ನೀನು ‘ಹೂಂ ದೊಡ್ಡಮ್ಮ’ ಅಂದು ಸುಮ್ಮನಾಗುತ್ತೀಯ, ಅದಕ್ಕೇ ಕಾಗದ ಬರೆಯಲು ಕೂತೆ.

ನಾನು 1974ರ ಜನವರಿಯಲ್ಲಿ ಅಮೆರಿಕದ ಈ ಊರಿಗೆ ಬಂದಿಳಿದಾಗ ನನಗೆ ಬರುತ್ತಿದ್ದ ಇಂಗ್ಲಿಷು ಬರೆಯುವ ಇಂಗ್ಲಿಷು. ಅಂಗಡಿಯವಳು ಮಾತಾಡಿದರೆ ಒಂದಕ್ಷರವೂ ಹಿಡಿಯುತ್ತಿರಲಿಲ್ಲ. ದೊಡ್ಡಪ್ಪ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನು, ಹೀಟರಿನ ಸದ್ದು, ಒಂದು ಸೆಕೆಂಡ್‌ಹ್ಯಾಂಡ್ ಟಿವಿ. ಮಧ್ಯಾಹ್ನ ಅದರಲ್ಲಿ ‘ಐ ಲವ್ ಲೂಸಿ’ ಅನ್ನುವ ಕಪ್ಪುಬಿಳುಪಿನ ಹಳೆಯ ಕಾರ್ಯಕ್ರಮ ಮರುಪ್ರಸಾರವಾಗುತ್ತಿತ್ತು. ಲೂಸಿ ಎಂಬ ಗೃಹಿಣಿ, ಅವಳ ಗಂಡ ರಿಕಿ, ಮೇಲೆ ಕೆಳಗೆ ವಾಸಿಸುವ ಇನ್ನೊಂದು ಜೋಡಿ. ರಿಕಿ ಕ್ಯೂಬಾದವನು, ಸಿಟ್ಟು ಬಂದರೆ ಇಂಗ್ಲಿಷು ಬಿಟ್ಟು ಸ್ಪ್ಯಾನಿಷಿನಲ್ಲಿ ಗುಡುಗುತ್ತಿದ್ದ. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ? ನಾನೂ ನಿನ್ನ ದೊಡ್ಡಪ್ಪನ ಮೇಲೆ ರೇಗುತ್ತಿದ್ದದ್ದು ಕನ್ನಡದಲ್ಲೇ. ನನ್ನ ಮಾತಾಡುವ ಇಂಗ್ಲಿಷಿನ ಮೇಷ್ಟ್ರು ಆ ಲೂಸಿಯೇ ಅಂದರೂ ತಪ್ಪಿಲ್ಲ.

ಅವಳ ನಿಜ ಹೆಸರು ಲೂಸಿಲ್ ಬಾಲ್. 1911ರಲ್ಲಿ ಹುಟ್ಟಿದ್ದು ಇಲ್ಲಿಗೆ ಎಪ್ಪತ್ತು ಮೈಲಿ ದೂರದ ಜೇಮ್ಸ್‌ಟೌನ್‌ನಲ್ಲಿ. ಅಪ್ಪ ಟೆಲಿಫೋನ್ ಕಂಪನಿಯ ಲೈನ್‌ಮನ್, ಅವಳಿಗೆ ನಾಲ್ಕು ತುಂಬುವ ಮೊದಲೇ ಟೈಫಾಯಿಡ್‌ನಲ್ಲಿ ಹೋಗಿಬಿಟ್ಟ. ಅಮ್ಮ ಆಗ ಬಸುರಿ. ಪಕ್ಕದ ಸೆಲೊರಾನ್ ಹಳ್ಳಿಯಲ್ಲಿ ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದಳು. 1927ರಲ್ಲಿ ಅವರ ಹಿತ್ತಲಲ್ಲಿ ಮಕ್ಕಳು ಬಂದೂಕಿನಿಂದ ಗುರಿ ಅಭ್ಯಾಸ ಮಾಡುವಾಗ ನೆರೆಯ ಹುಡುಗನಿಗೆ ಗುಂಡು ತಗುಲಿತು. ಆ ಮೊಕದ್ದಮೆಯಲ್ಲಿ ಅಜ್ಜ ಮನೆಯನ್ನೇ ಕಳೆದುಕೊಂಡ. ಮಗುವಾಗಿದ್ದಾಗಲೇ ಇಷ್ಟು ಕಂಡವಳು ಮುಂದೆ ನಗಿಸುವುದನ್ನೇ ಕಸುಬು ಮಾಡಿಕೊಂಡಳು.

ನಾಟಕ ಕಲಿಯಲೆಂದು ಹದಿಹರೆಯದಲ್ಲೇ ನ್ಯೂಯಾರ್ಕಿಗೆ ಹೋದಳು. ಆ ಶಾಲೆಯಲ್ಲಿ ಎಲ್ಲರ ಕಣ್ಮಣಿಯಾಗಿದ್ದವಳು ಮುಂದೆ ದೊಡ್ಡ ಸಿನಿಮಾ ತಾರೆಯಾದ ಬೆಟ್ಟಿ ಡೇವಿಸ್. ಲೂಸಿಗೋ ನಾಚಿಕೆ, ಬಾಯೇ ಬಿಡುತ್ತಿರಲಿಲ್ಲ. ಈ ಹುಡುಗಿಗೆ ದುಡ್ಡು ಸುರಿಯುವುದು ವ್ಯರ್ಥ ಅಂತ ಶಾಲೆಯವರು ಅವಳ ಅಮ್ಮನಿಗೆ ಕಾಗದ ಬರೆದರು. ಆಮೇಲೆ ಬಟ್ಟೆ ಮಾಡೆಲ್ ಆದಳು, ಕೀಲುವಾತ ಬಂದು ಬಹುಕಾಲ ಮಲಗಿದಳು. ಎದ್ದು 1933ರಲ್ಲಿ ಹಾಲಿವುಡ್ಡಿಗೆ ಹೋದರೆ ಸಿಕ್ಕಿದ್ದು ಹಾಡಿನ ಹಿಂದೆ ನಿಲ್ಲುವ ಹುಡುಗಿಯರ ಸಾಲಿನಲ್ಲಿ ಒಂದು ಜಾಗ. ಸುಮಾರು ಹದಿನೈದು ವರ್ಷ ಸಿನಿಮಾ ಮೇಲೆ ಸಿನಿಮಾ ಮಾಡಿದರೂ ಎರಡನೇ ದರ್ಜೆಯ ಚಿತ್ರಗಳ ರಾಣಿ ಅನ್ನಿಸಿಕೊಂಡಳೇ ಹೊರತು ದೊಡ್ಡ ತಾರೆಯಾಗಲಿಲ್ಲ.

‘ಐ ಲವ್ ಲೂಸಿ’ ಮೊದಲ ಬಾರಿ ಪ್ರಸಾರವಾದದ್ದು 1951ರ ಅಕ್ಟೋಬರ್ 15ಕ್ಕೆ. ಆಗ ಅವಳಿಗೆ ನಲವತ್ತು. ಮೊದಲ ಮಗು ಹುಟ್ಟಿ ಮೂರು ತಿಂಗಳು. ನಿನ್ನ ಮೂವತ್ತಮೂರನ್ನು ಎಲ್ಲಿಡಲಿ ಹೇಳು.

ಆದರೆ ನಾನು ಹೇಳಹೊರಟದ್ದು ವಯಸ್ಸಿನ ಮಾತಲ್ಲ, ಕಾಗದದ ಮಾತು.

ಮೊದಲು ಅವಳು ರೇಡಿಯೋದಲ್ಲಿ ಒಂದು ದಾಂಪತ್ಯದ ಹಾಸ್ಯ ಕಾರ್ಯಕ್ರಮ ಮಾಡುತ್ತಿದ್ದಳು. ಅದನ್ನು ಟಿವಿಗೆ ತರೋಣ ಅಂತ ಪ್ರಸಾರ ಕಂಪನಿ ಸಿಬಿಎಸ್‌ನವರು ಕೇಳಿದಾಗ ಅವಳು ಹಾಕಿದ್ದು ಒಂದೇ ಷರತ್ತು, ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು. ಡೆಸಿ ಆರ್ನಾಜ್ ಬ್ಯಾಂಡ್ ಕಟ್ಟಿಕೊಂಡು ಊರೂರು ತಿರುಗುವವನು, ಮದುವೆಯಾಗಿ ಹತ್ತು ವರ್ಷವಾದರೂ ಇಬ್ಬರೂ ಒಂದೇ ಊರಲ್ಲಿ ಇದ್ದದ್ದು ಕಡಿಮೆ. (ಅವನ ಹೆಸರು ಕೇಳಿದಾಗಲೆಲ್ಲ ನಿನ್ನ ದೊಡ್ಡಪ್ಪ, ‘ನೋಡು, ನಮ್ಮ ದೇಸಿ ಹುಡುಗ’ ಅನ್ನುವುದು ಇವತ್ತಿಗೂ ತಪ್ಪಿಲ್ಲ.) ಅಮೆರಿಕದ ಹೆಂಗಸಿಗೆ ಕ್ಯೂಬಾದ ಗಂಡ ಅಂದರೆ ಜನ ಒಪ್ಪುವುದಿಲ್ಲ ಅಂದರು ಸಿಬಿಎಸ್‌ನವರು. ಇವಳು ವಾದಕ್ಕೆ ಕೂರಲಿಲ್ಲ. 1950ರಲ್ಲಿ ಇಬ್ಬರೂ ಸೇರಿ ಒಂದು ರಂಗ ಪ್ರದರ್ಶನ ಕಟ್ಟಿ ಊರೂರಲ್ಲಿ ಆಡಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹೊತ್ತಿಗೇ ಇಬ್ಬರ ಹೆಸರು ಕೂಡಿಸಿ ‘ಡೆಸಿಲು’ ಅಂತ ತಮ್ಮದೇ ಕಂಪನಿಯನ್ನೂ ತೆರೆದರು.

ಮುಂದಿನದನ್ನು ನಿಧಾನವಾಗಿ ಓದು. ಆಗ ವಿಡಿಯೋ ಟೇಪ್ ಇರಲಿಲ್ಲ. ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ಲೈವ್ ಹೋಗುತ್ತಿದ್ದವು. ದೂರದ ಊರಿನವರಿಗೆ ಟಿವಿ ಪರದೆಯನ್ನೇ ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು ಕಳಿಸುತ್ತಿದ್ದರು. ನೀನು ಟಿವಿಯನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದರೆ ಹೇಗಿರುತ್ತದೋ ಹಾಗೆ, ಮಂಕು ಮಂಕು. ಪ್ರಾಯೋಜಕರು ಸಿಗರೇಟು ಕಂಪನಿಯವರು, ನ್ಯೂಯಾರ್ಕಿಗೆ ಬನ್ನಿ ಅಂತ ಹಟ ಹಿಡಿದರು. ಗಂಡ ಹೆಂಡತಿ ಕ್ಯಾಲಿಫೋರ್ನಿಯಾ ಬಿಡಲು ಒಪ್ಪಲಿಲ್ಲ. ಹಾಗಾದರೆ 35 ಮಿಲಿಮೀಟರ್ ಫಿಲ್ಮಿನಲ್ಲೇ ತೆಗೆಯೋಣ, ಮೂರು ಕ್ಯಾಮೆರಾ ಇಟ್ಟು, ಮುನ್ನೂರು ಜನ ಪ್ರೇಕ್ಷಕರನ್ನು ಎದುರಿಗೆ ಕೂರಿಸಿ ನಾಟಕದ ಹಾಗೆ ಆಡೋಣ ಅಂದರು. ಖರ್ಚು ಜಾಸ್ತಿಯಾಗುತ್ತದಲ್ಲ ಅಂದಾಗ ನಮ್ಮ ಸಂಬಳದಲ್ಲಿ ವಾರಕ್ಕೆ 1,000 ಡಾಲರ್ ಕಡಿಮೆ ಕೊಡಿ, ಫಿಲ್ಮಿನ ಒಡೆತನ ನಮ್ಮ ಕಂಪನಿಗೆ ಇರಲಿ ಅಂದರು. ಸಿಬಿಎಸ್‌ನವರು ಕಣ್ಣು ಮುಚ್ಚಿ ಒಪ್ಪಿದರು. ಒಂದು ಸಲ ತೋರಿಸಿದ್ದನ್ನು ಇನ್ನೊಂದು ಸಲ ಯಾರು ನೋಡುತ್ತಾರೆ ಅನ್ನುವ ಕಾಲ ಅದು.

ಆ ಫಿಲ್ಮು ಉಳಿದದ್ದಕ್ಕೇ ನಾನು ಇಪ್ಪತ್ತಮೂರು ವರ್ಷ ಕಳೆದ ಮೇಲೆ ಬಫಲೋದ ಚಳಿಯಲ್ಲಿ ಕೂತು ಅದನ್ನು ನೋಡಲು ಆದದ್ದು. ಮುಂದೆ ಅದೇ ಸಿಬಿಎಸ್ ಆ ಹಕ್ಕನ್ನು ಲಕ್ಷಾಂತರ ಡಾಲರ್ ಕೊಟ್ಟು ಕೊಂಡುಕೊಳ್ಳಬೇಕಾಯಿತು. 1957ರಲ್ಲಿ ಡೆಸಿಲು ಆರ್‌ಕೆಒ ಸ್ಟುಡಿಯೋವನ್ನೇ ಖರೀದಿಸಿತು. ಲೂಸಿ ಹಿಂದೆ ವಾರದ ಸಂಬಳಕ್ಕೆ ದುಡಿದಿದ್ದ ಸ್ಟುಡಿಯೋ ಅದು!

ನಿನ್ನ ದಿನದ ಸಂಭಾವನೆ ಎಷ್ಟು ಅಂತ ನೀನು ಮೂರು ಸಲ ಕೇಳಿದೆಯಂತೆ. ಸರಿಯೇ, ಹೊಟ್ಟೆಪಾಡು. ಆದರೆ ಈ ಮೂರು ವರ್ಷ ಬೇರೆ ಕಡೆ ಬಣ್ಣ ಹಚ್ಚಬಹುದೋ ಇಲ್ಲವೋ? ಅವರು ನಿನ್ನ ಟ್ರ್ಯಾಕ್ ನಿಲ್ಲಿಸಿದರೆ ಎಷ್ಟು ದಿನ ಮೊದಲು ಹೇಳಬೇಕು, ನೀನು ಬಿಡುವುದಾದರೆ ಏನು ಕಟ್ಟಬೇಕು? ಮೊಬೈಲ್ ಆ್ಯಪಿಗೆ, ತೆಲುಗು ತಮಿಳು ಡಬ್ಬಿಂಗಿಗೆ ಹೋದರೆ ನಿನಗೇನು? ಒಡೆತನವನ್ನು ಯಾರೂ ಕೊಡುವುದಿಲ್ಲ, ನನಗೆ ಗೊತ್ತು. ಕೇಳಿದರೆ ಒಂದಾದರೂ ಸಡಿಲವಾದೀತು. ಕೇಳದವಳಿಗೆ ಅದೂ ಇಲ್ಲ.

ಸಹಿಯ ಇನ್ನೊಂದು ಕಥೆಯೂ ಇದೆ. 1936ರಲ್ಲಿ ಮತದಾರರ ಪಟ್ಟಿಗೆ ಸೇರುವಾಗ ಲೂಸಿ ಕಮ್ಯುನಿಸ್ಟ್ ಪಕ್ಷದ ಹೆಸರು ಬರೆಸಿದ್ದಳು. ರಾಜಕೀಯ ಅವಳಿಗೆ ಬೇಕಿರಲಿಲ್ಲ, ಸಮಾಜವಾದಿ ಅಜ್ಜನ ಸಂತೋಷಕ್ಕೆ ಬರೆಸಿದ್ದು. ಹದಿನೇಳು ವರ್ಷವಾದ ಮೇಲೆ, 1953ರಲ್ಲಿ, ಇಡೀ ದೇಶ ಅವಳನ್ನು ನೋಡುತ್ತಿದ್ದಾಗ ಆ ಕಾಗದ ಎದ್ದು ಬಂತು. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ತಿನ ವಿಚಾರಣಾ ಸಮಿತಿಗೆ ಉತ್ತರ ಹೇಳಬೇಕಾಯಿತು. ಆ ದಿನಗಳಲ್ಲಿ ಇಂಥದ್ದಕ್ಕೆ ಎಷ್ಟೋ ಕಲಾವಿದರ ಬಾಳೇ ಮಣ್ಣಾಗಿತ್ತು. ಡೆಸಿ ಚಿತ್ರೀಕರಣಕ್ಕೆ ಬಂದ ಪ್ರೇಕ್ಷಕರ ಮುಂದೆ ನಿಂತು, ಇವಳಲ್ಲಿ ಕೆಂಪಗಿರುವುದು ಕೂದಲೊಂದೇ, ಅದೂ ಅಸಲಿಯಲ್ಲ ಅಂದ. ಜನ ಎದ್ದು ಚಪ್ಪಾಳೆ ಹೊಡೆದರು. ಅವಳು ಪಾರಾದಳು. ಮನೆಯವರನ್ನು ಮೆಚ್ಚಿಸಲು ಹಾಕಿದ ಸಹಿಯೂ ಸಹಿಯೇ ಕಣೆ. ಅಮ್ಮ ಹೇಳಿದಳು, ದೊಡ್ಡಮ್ಮ ಹೇಳಿದಳು ಅಂತಲೂ ಹಾಕಬೇಡ.

ಈಗ ಆ ಅಕ್ಕನ ಪಾತ್ರದ ವಿಷಯ. ಲೂಸಿಯ ಪಕ್ಕದಲ್ಲಿ ಎಥೆಲ್, ಅಂದರೆ ಆ ಇನ್ನೊಂದು ಜೋಡಿಯ ಹೆಂಡತಿಯ ಪಾತ್ರ ಮಾಡಿದವಳು ವಿವಿಯನ್ ವ್ಯಾನ್ಸ್. ಲೂಸಿಗಿಂತ ಎರಡೇ ವರ್ಷ ದೊಡ್ಡವಳು. ಅವಳನ್ನು ತನಗಿಂತ ಇಪ್ಪತ್ತೆರಡು ವರ್ಷ ಹಿರಿಯನಾದ ವಿಲಿಯಂ ಫ್ರಾಲಿಗೆ ಹೆಂಡತಿ ಮಾಡಿದರು. ಅವಳಿಗೆ ಅದು ಒಂದಿಷ್ಟೂ ಹಿಡಿಸಿರಲಿಲ್ಲ, ಅವರಿಬ್ಬರಿಗೆ ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ತೆರೆಯ ಮೇಲೆ ಅದು ಕಾಣುತ್ತದೆಯೇ ನೋಡು. ಪೋಷಕ ನಟಿಗೆ ಕೊಡುವ ಎಮ್ಮಿ ಎಂಬ ಟಿವಿ ಪ್ರಶಸ್ತಿ ಮೊಟ್ಟಮೊದಲು ಬಂದದ್ದು ಅವಳಿಗೆ. ನನ್ನ ಕೇಳಿದರೆ ಎಥೆಲ್ ಇಲ್ಲದಿದ್ದರೆ ಲೂಸಿಯ ಅರ್ಧ ತಮಾಷೆ ನೆಲ ಕಚ್ಚುತ್ತಿತ್ತು. ಚಾಕೊಲೇಟ್ ಕಾರ್ಖಾನೆಯ ಎಪಿಸೋಡ್ ನೋಡು, 1952ರದ್ದು. ಓಡುವ ಯಂತ್ರದ ಪಟ್ಟಿಯ ಮೇಲೆ ಚಾಕೊಲೇಟ್ ಬರುತ್ತವೆ, ಇಬ್ಬರೂ ಸುತ್ತಿ ಇಡಬೇಕು. ಪಟ್ಟಿಯ ವೇಗ ಹೆಚ್ಚುತ್ತದೆ. ಬಾಯಿಗೆ ತುರುಕುತ್ತಾರೆ, ಟೋಪಿಯೊಳಗೆ, ರವಿಕೆಯೊಳಗೆ. ಲೂಸಿಯ ಮುಖ ನೋಡಿ ನಗುತ್ತಿರುವಾಗಲೇ ನಿನ್ನ ಕಣ್ಣು ತಾನಾಗಿ ಎಥೆಲ್ ಕಡೆ ಹೋಗುತ್ತದೆ.

ಆ ನಗು ಸುಮ್ಮನೆ ಬಂದದ್ದಲ್ಲ. ಬರಹಗಾರರಲ್ಲಿ ಮ್ಯಾಡಲಿನ್ ಪ್ಯೂ ಅಂತ ಒಬ್ಬಳಿದ್ದಳು. ಲೂಸಿಗೆ ಬರೆದ ಸಾಹಸವನ್ನು ಮೊದಲು ತಾನೇ ಮಾಡಿ ನೋಡುತ್ತಿದ್ದಳು, ಹೆಂಗಸಿಗೆ ಆಗುತ್ತದೋ ಇಲ್ಲವೋ ಅಂತ. ಸೆಟ್ಟಿನಲ್ಲಿ ಲೂಸಿ ನಗುತ್ತಿದ್ದದ್ದೇ ಅಪರೂಪವಂತೆ. ಒಂದು ಚಮಚ, ಒಂದು ಬಾಟಲಿ ಹಿಡಿಯುವುದನ್ನೂ ಕೈಗೆ ಕೂರುವವರೆಗೆ ತಾಲೀಮು ಮಾಡುತ್ತಿದ್ದಳು. ನಾಟಕ ಶಾಲೆಯವರು ಬೇಡವೆಂದ ಹುಡುಗಿ!

ಅವಳು ಬಸುರಿಯಾದಾಗ ಬಸುರನ್ನೂ ಕಥೆಯೊಳಗೆ ತಂದರು. ಬಸುರಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ನೇರ ಮಾತನ್ನು ಟಿವಿಯಲ್ಲಿ ಆಡುವಂತಿರಲಿಲ್ಲ, ಸುತ್ತಿ ಬಳಸಿ ಹೇಳಿದರು. 1953ರ ಜನವರಿ 19ರಂದು ಬೆಳಿಗ್ಗೆ ಅವಳಿಗೆ ನಿಜವಾಗಿ ಗಂಡು ಮಗು, ರಾತ್ರಿ ಟಿವಿಯಲ್ಲಿ ಲೂಸಿಗೂ ಗಂಡು ಮಗು. ಸುಮಾರು 4.4 ಕೋಟಿ ಜನ ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷ ಪದವಿಯ ಪ್ರಮಾಣವಚನ ತೆಗೆದುಕೊಂಡದ್ದನ್ನು ನೋಡಿದವರು ಅದಕ್ಕಿಂತ ಕಡಿಮೆ.

ಸಿಹಿಯನ್ನಷ್ಟೇ ಹೇಳಿದರೆ ಮೋಸವಾಗುತ್ತದೆ. ಗಂಡ ಕಣ್ಣೆದುರಿಗಿರಲಿ ಅಂತ ಅವಳು ಈ ಕಾರ್ಯಕ್ರಮ ಕಟ್ಟಿದ್ದು. ಕಾರ್ಯಕ್ರಮ ಗೆದ್ದಿತು, ಸಂಸಾರ ಸೋತಿತು. ಅವನ ಕುಡಿತ, ಬೇರೆ ಹೆಂಗಸರು. 1960ರ ಮಾರ್ಚಿನಲ್ಲಿ ಇಬ್ಬರೂ ಕೊನೆಯ ಎಪಿಸೋಡನ್ನು ಒಬ್ಬರಿಗೊಬ್ಬರು ಮುತ್ತು ಕೊಟ್ಟು ಮುಗಿಸಿದರು, ಮರುದಿನವೇ ಅವಳು ವಿಚ್ಛೇದನಕ್ಕೆ ಅರ್ಜಿ ಹಾಕಿದಳು. 1962ರಲ್ಲಿ ಅವನ ಪಾಲನ್ನು ಕೊಂಡುಕೊಂಡು ತಾನೇ ಕಂಪನಿ ನಡೆಸಿದಳು. ಅಷ್ಟು ದೊಡ್ಡ ಸ್ಟುಡಿಯೋಗೆ ಹೆಂಗಸೊಬ್ಬಳು ಯಜಮಾನಿ ಅನ್ನುವುದು ಆಗ ಕೇಳಿ ಅರಿಯದ ಮಾತು. ಖರ್ಚಿಗೆ ಹೆದರಿ ಕಂಪನಿಯ ಹಿರಿಯರು ಬೇಡವೆಂದರೂ ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶದ ಧಾರಾವಾಹಿಗೆ ಹೂಂ ಅಂದವಳು ಇವಳು. 1967ರಲ್ಲಿ 1.7 ಕೋಟಿ ಡಾಲರಿಗೆ ಕಂಪನಿ ಮಾರಿದಳು. ಇನ್ನಷ್ಟು ದಿನ ಇಟ್ಟುಕೊಳ್ಳಬೇಕಿತ್ತು ಅಂತ ದೊಡ್ಡಪ್ಪ ಅನ್ನುತ್ತಾರೆ. ದಿನವಿಡೀ ಲೆಕ್ಕ ಪತ್ರ, ಸಂಜೆ ಬಣ್ಣ ಹಚ್ಚುವುದು, ಅವರಿಗೇನು ಗೊತ್ತು?

1986ರಲ್ಲಿ ಎಪ್ಪತ್ತೈದನೇ ವಯಸ್ಸಿನಲ್ಲಿ ಹೊಸ ಕಾರ್ಯಕ್ರಮ ಹಿಡಿದು ಮತ್ತೆ ಟಿವಿಗೆ ಬಂದಳು. ಹಳೆಯ ಬರಹಗಾರರು, ಹಳೆಯ ಬೀಳುವ ಏಳುವ ತಮಾಷೆಗಳು. ನಾನು ಆಸೆಯಿಂದ ಕೂತು ನೋಡಿದೆ. ನಗು ಬರಲಿಲ್ಲ ಸಿಂಧು, ಎಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾಳೋ ಅಂತ ಭಯವಾಯಿತು. ಹದಿಮೂರು ಎಪಿಸೋಡ್ ತೆಗೆದಿದ್ದರು, ಎಂಟು ತೋರಿಸಿ ನಿಲ್ಲಿಸಿಬಿಟ್ಟರು. ಅದೇ ಡಿಸೆಂಬರಿನಲ್ಲಿ ಡೆಸಿ ತೀರಿಕೊಂಡ. 1989ರ ಏಪ್ರಿಲ್ 26ಕ್ಕೆ ಇವಳೂ ಹೋದಳು. ಆ ದಿನ ನಾನು ಅಡುಗೆ ಮಾಡಲಿಲ್ಲ, ದೊಡ್ಡಪ್ಪ ಬ್ರೆಡ್ಡು ತಂದರು.

ನೀನು ಇಲ್ಲಿಗೆ ಬಂದಾಗ ಸೆಲೊರಾನಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಪಾರ್ಕಿನಲ್ಲಿ ಅವಳ ಕಂಚಿನ ಪ್ರತಿಮೆ ನಿಲ್ಲಿಸಿದ್ದರು, ದೆವ್ವ ಮೆಟ್ಟಿಕೊಂಡ ಹಾಗಿತ್ತು. ಜನ ಗಲಾಟೆ ಮಾಡಿ 2016ರಲ್ಲಿ ಹೊಸದು ಮಾಡಿಸಿದರು. ಹಳೆಯದನ್ನೂ ಎಸೆದಿಲ್ಲ, ಅದೇ ಪಾರ್ಕಿನಲ್ಲಿ ಉಳಿಸಿಕೊಂಡರು. ನನಗೆ ಹೊಸದಕ್ಕಿಂತ ಅದೇ ಇಷ್ಟ, ಯಾಕೋ.

ಈಗ ಕೆಲಸದ ಮಾತು. ಹದಿನಾಲ್ಕು ಪುಟವನ್ನೂ ಫೋಟೋ ತೆಗೆದು ನನ್ನ ವಾಟ್ಸಾಪಿಗೆ ಹಾಕು, ಹಿಂಬದಿಯ ಸಣ್ಣ ಅಕ್ಷರವನ್ನೂ ಬಿಡಬೇಡ. ಮೈಸೂರಿನ ನಿನ್ನ ಸೋದರಮಾವ ವಕೀಲಿಕೆ ಬಿಟ್ಟಿದ್ದರೂ ಓದುವುದನ್ನು ಬಿಟ್ಟಿಲ್ಲ, ಅವನಿಗೂ ಹೇಳಿದ್ದೇನೆ. ಶುಕ್ರವಾರ ಆಗುವುದಿಲ್ಲ, ಸೋಮವಾರ ಕೊಡುತ್ತೇನೆ ಅಂತ ಪ್ರೊಡಕ್ಷನ್‌ನವರಿಗೆ ನಾಳೆಯೇ ಫೋನ್ ಮಾಡು. ಇಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ನಿನಗೆ ಬೆಳಿಗ್ಗೆ ಏಳು, ನಾನು ಎದ್ದೇ ಇರುತ್ತೇನೆ. ಮೊದಲು ಊಟ ಮಾಡು.

ಇಂತಿ ನಿನ್ನ
ದೊಡ್ಡಮ್ಮ